ಸೋತದ್ದು ಹಲಗೆ

ನಮ್ಮ ಮಾಮಾ ಚದುರಂಗದಲ್ಲಿ ಈವರೆಗೆ ಒಂದು ಆಟವನ್ನೂ ಸೋತವರಲ್ಲ. ಮದುವೆಯಾದಂದಿನಿಂದ ಮೂವತ್ತೊಂದು ವರ್ಷ, ದಿನಾ ಸಂಜೆ ಮಾಮಿಯ ಎದುರು ಕೂತು ಆಡಿದ್ದಾರೆ. ದಿನಾ ಸಂಜೆ ಗೆದ್ದವರು ಮಾಮಿ. ಆದರೂ ಮಾಮಾ ಸೋತಿಲ್ಲ. ಅದು ಹೇಗೆ ಎಂದು ಕೇಳುತ್ತೀರಾ? ಪ್ರತಿ ಸಲವೂ ಸೋತದ್ದು ಹಲಗೆ!

"ಹಲಗಿ ಸರಿ ಇಲ್ಲ," ಎನ್ನುತ್ತಾ ಮಾಮಾ ತಮ್ಮ ರಾಜನನ್ನು ಅಡ್ಡ ಮಲಗಿಸುತ್ತಿದ್ದರು.

"ಹೌದ್ರಿ, ಎಲ್ಲಾ ಹಲಗೀದ ತಪ್ಪು," ಎಂದು ಮಾಮಿ ಸೆರಗಿನೊಳಗೆ ನಗುತ್ತಿದ್ದರು. "ಈಗ ಕಾಯಿ ಹಚ್ರಿ."

ಕಾಯಿ ಹಚ್ಚುವುದೆಂದರೆ ಮರುದಿನದ ಆಟಕ್ಕೆ ಮೂವತ್ತೆರಡು ಕಾಯಿಗಳನ್ನೂ ಅವುಗಳ ಮನೆಗಳಲ್ಲಿ ನಿಲ್ಲಿಸಿಡುವುದು. ಸೋತವರೇ ಹಚ್ಚಬೇಕು ಎಂಬುದು ಆ ಮನೆಯ ಕಾನೂನು. ಕಾನೂನು ಮಾಡಿದವರು ಯಾರು ಎಂದುಕೊಂಡಿರಿ? ಮಾಮಾನೇ. ಮದುವೆಯಾದ ವಾರ ಹೆಂಡತಿಗೆ ಆಟ ಕಲಿಸುವಾಗ, ಇನ್ನು ಜನ್ಮವಿಡೀ ಈಕೆಯೇ ಕಾಯಿ ಹಚ್ಚಲಿ ಎಂಬ ಧೈರ್ಯದಲ್ಲಿ ಮಾಡಿದ್ದು. ಆಕೆ ಕಲಿತು ಆಡಿದ ಮೊದಲ ಆಟಕ್ಕೇ ಕಾನೂನು ತಿರುಗಿ ಅವರ ಕೊರಳಿಗೇ ಬಿತ್ತು. ಅಂದಿನಿಂದ ಹಚ್ಚುತ್ತಲೇ ಇದ್ದರು.

ಮಾಮಾ ಎಂದರೆ ನಮ್ಮ ಅವ್ವನ ಕೊನೆಯ ತಮ್ಮ. ಊರು ವಿಜಯಪುರದ ಕಡೆ, ಅನ್ನ ಕೊಟ್ಟದ್ದು ಪುಣೆಯ ಹತ್ತಿರದ ದೌಂಡ. ಅಲ್ಲಿ ರೈಲ್ವೆಯಲ್ಲಿ ಬಡಿಗರಾಗಿದ್ದರು. ಡಬ್ಬಿಗಳ ಕಿಟಕಿ ಚೌಕಟ್ಟು, ಸೀಟಿನ ಹಲಗೆ, ಬಾಗಿಲು, ಇವುಗಳ ದುರಸ್ತಿಯಲ್ಲಿ ನೌಕರಿ ಮುಗಿಯಿತು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಕಟ್ಟಿಗೆಯ ಮುಂದೆ ಕೂತರೆ ಯಾವ ಭಾಷೆಯೂ ಇಲ್ಲ. ಸೋತ ಮರುದಿನ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡುವರು, ದೋಷ ಹುಡುಕುವರು, ಕೆಲವು ತಿಂಗಳಿಗೊಮ್ಮೆ ಹೊಸದನ್ನೇ ಮಾಡಿಬಿಡುವರು. ಹಳೆಯವು ಮಾಮಿಯ ಸಂಸಾರಕ್ಕೆ. ಒಂದು ಹಲಗೆ ನೀರಿನ ಹಂಡೆಯ ಮುಚ್ಚಳ. ಇನ್ನೊಂದರ ಮೇಲೆ ಹಪ್ಪಳ ಒಣಗುತ್ತಿದ್ದವು. ಬಿಳಿ ಮನೆಯಲ್ಲಿ ಉದ್ದಿನವು, ಕರಿ ಮನೆಯಲ್ಲಿ ಅಕ್ಕಿಯವು. ಕಾಗೆ ಬಂದು ಒಂದನ್ನು ಒಯ್ದರೆ ಮಾಮಿ ಒಳಗಿನಿಂದಲೇ ಕೂಗುವರು, "ನಿಮ್ಮ ಆನಿ ಹೋತು ನೋಡ್ರಿ."

ಈಗ ನನ್ನ ವಿಷಯ ಎರಡು ಮಾತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ತಗಡಿನ ಟ್ರಂಕು ಹಿಡಿದು ಪುಣೆಗೆ ಬಂದವನು ನಾನು. ಮೊದಲು ಫುಟ್‌ಪಾತಿನ ಮೇಲೆ ಬಾಚಣಿಗೆ, ಆಮೇಲೆ ಹಳೆಯ ಕುರ್ಚಿ ಮೇಜು, ಈಗ ಪುಣೆ ಕ್ಯಾಂಪಿನಲ್ಲಿ ಮರದ ಸಾಮಾನಿನ ಸ್ವಂತ ಅಂಗಡಿ. ಯಾರ ಕೃಪೆಯೂ ಇಲ್ಲ, ನಾಲಿಗೆಯೊಂದೇ ಬಂಡವಾಳ. ಚೌಕಾಶಿಯ ಗುಟ್ಟು ಕೇಳಿದರೆ ಪುಕ್ಕಟೆ ಹೇಳುತ್ತೇನೆ: ಬೇಕಾದ ವಸ್ತುವನ್ನು ಕೈಗೆತ್ತಿಕೊಳ್ಳಬೇಡಿ, ಬೇಡವಾದದ್ದರ ದರ ಕೇಳುತ್ತಾ ನಿಲ್ಲಿ, ಹೊರಡುವಾಗ, ಹಾಂ ಅಂದಹಾಗೆ, ಎಂದು ತಿರುಗಿ ಬೇಕಾದದ್ದರತ್ತ ಬೆರಳು ಮಾಡಿ. ಈ ವಿದ್ಯೆಯಿಂದ ನಾನು ಮದುವೆಯ ಮಂಟಪ ಗೊತ್ತು ಮಾಡಿದ್ದೇನೆ, ನಮ್ಮಪ್ಪನ ಸಂಸ್ಕಾರದ ಕಟ್ಟಿಗೆಯನ್ನೂ ತಂದಿದ್ದೇನೆ.

ಇಂಥ ನನಗೆ, ಮಾಮಾನ ಅಟ್ಟದ ಮೇಲೆ ಚಿನ್ನದಂಥ ಹಲಗೆಗಳು ಧೂಳು ತಿನ್ನುತ್ತಿದ್ದರೆ ನಿದ್ದೆ ಬರುವುದು ಹೇಗೆ? ಅಂಗಡಿಗೆ ತನ್ನಿರಿ, ಮಾರಿಕೊಡುತ್ತೇನೆ ಎಂದು ಗಂಟು ಬಿದ್ದೆ. ತಂದರು. ಅವುಗಳ ಜೊತೆ ತಾವೂ ಬಂದರು. ಅಲ್ಲಿಂದ ನನ್ನ ವ್ಯಾಪಾರಕ್ಕೆ ಶನಿ ಹಿಡಿಯಿತು.

ಆದರೆ ಒಳ್ಳೆಯ ಹಲಗೆ ಯಾವುದೆಂದು ನಾನು ಕಲಿತದ್ದು ಅವರಿಂದಲೇ. ನೀವು ಕೊಳ್ಳುವವರಿದ್ದರೆ ಕೇಳಿಕೊಳ್ಳಿ. ಹಲಗೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ. ದೀಪ ಅದರಲ್ಲಿ ಕಂಡರೆ ಅಲ್ಲಿಯೇ ಬಿಟ್ಟು ಬನ್ನಿ; ಮುಖ ನೋಡಿಕೊಳ್ಳಲು ಕನ್ನಡಿ ಅಗ್ಗವಾಗಿ ಸಿಗುತ್ತದೆ. ಹೊಳೆಯುವ ಹಲಗೆ ಗಂಟೆಯೊಳಗೆ ಕಣ್ಣು ಕುಕ್ಕುತ್ತದೆ; ಎಣ್ಣೆ, ಮೇಣ ತಿಕ್ಕಿದ ಮಂಕು ಮೈ ಇರಬೇಕು. ಈ ಸತ್ಯ ಹೊರಬಿದ್ದದ್ದು ಮಾಮಾ ತಮ್ಮ ಮಂತ್ರಿಯನ್ನು ದೀಪದ ಪ್ರತಿಬಿಂಬದೊಳಗೆ ಕಳೆದುಕೊಂಡ ದಿನ. ಬಣ್ಣ ಅಚ್ಚ ಕಪ್ಪು, ಅಚ್ಚ ಬಿಳಿ ಬೇಡ. ಬೀಟೆಯ ಕಂದು, ಶಿವನಿ ಮರದ ಕೆನೆ ಬಣ್ಣ ಸಾಕು. ಇದು ಇನ್ನೊಂದು ಸೋಲಿನ ಫಲ. ಚೌಕಟ್ಟನ್ನು ನಾಲ್ಕೂ ಕಡೆ ಬಿಗಿಯಾಗಿ ಅಂಟಿಸಿದ್ದರೆ ಮುಟ್ಟಬೇಡಿ. ಕಟ್ಟಿಗೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಅದಕ್ಕೆ ಉಸಿರಾಡಲು ಕೂದಲೆಳೆಯಷ್ಟು ಜಾಗ ಬೇಕು, ಇಲ್ಲವಾದರೆ ಒಂದು ದಿನ ಟಪ್ ಎಂದು ಸೀಳುತ್ತದೆ.

ಮನೆಯ ಅಳತೆಗೂ ಒಂದು ಲೆಕ್ಕವಿದೆ. ಒಂದು ಮನೆಯಲ್ಲಿ ನಾಲ್ಕು ಕಾಲಾಳುಗಳು ಒಂದಕ್ಕೊಂದು ತಾಗಿಕೊಂಡು ಸರಿಯಾಗಿ ನಿಲ್ಲಬೇಕು. ಅದಕ್ಕಿಂತ ದೊಡ್ಡದಾದರೆ ಆಟ ಬಿಕೋ ಎನ್ನುತ್ತದೆ, ಸಣ್ಣದಾದರೆ ಕೈ ತಾಗಿ ಕಾಯಿ ಉರುಳುತ್ತವೆ. ನಾನು ಪುಣೆಗೆ ಬಂದ ಹೊಸದರಲ್ಲಿ ಒಂದು ಖೋಲಿಯಲ್ಲಿ ಏಳು ಜನ ಇದ್ದೆವು. ಈ ಲೆಕ್ಕದಲ್ಲಿ ನಾವು ಕಾಲಾಳುಗಳಿಗಿಂತ ಕಡೆ ಎಂದಾಯಿತು.

ಇಷ್ಟೆಲ್ಲ ಬಲ್ಲವರು ಮಾರಾಟದಲ್ಲಿ ಏನು ಮಾಡಿದರು ಗೊತ್ತೇ? ಶಿವಾಜಿನಗರ ಕೋರ್ಟಿನ ವಕೀಲರೊಬ್ಬರು ಬಂದರು. ಹಲಗೆ ಕಣ್ಣಿಗೆ ಬಿದ್ದಿದೆ, ಕೈ ಜೇಬಿಗೆ ಹೋಗುವುದೊಂದೇ ಬಾಕಿ. ಸುಮ್ಮನೆ, ಮಡಚಲು ಬರುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಸ್ಟೂಲಿನ ಮೇಲೆ ಕೂತಿದ್ದ ಮಾಮಾ ಅದೇ ಮರಾಠಿಯಲ್ಲಿ ಉತ್ತರಿಸಿದರು: ಯುದ್ಧಭೂಮಿಯನ್ನು ಮಡಚಿ ಚೀಲದಲ್ಲಿ ಹಾಕಿಕೊಳ್ಳುತ್ತೀರೇನು? ವಕೀಲರು ನಕ್ಕರು, ಅಲ್ಲಿಗೆ ನಾನೂ ಉಳಿದೆ. ಅಷ್ಟಕ್ಕೆ ಸುಮ್ಮನಿದ್ದರೆ ಅವರು ಮಾಮಾ ಹೇಗಾದಾರು? ಎದ್ದು ಬಂದು ಎಡಗಡೆಯ ಒಂದು ಮನೆಯ ಮೇಲೆ ಉಗುರಿಟ್ಟು, ಇದು ಒಂದು ಕೂದಲಷ್ಟು ಸಣ್ಣದು ಎಂದರು. ವಕೀಲರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

"ಕಾಣುವುದಿಲ್ಲವಲ್ಲ."

"ಕಾಣುವುದಿಲ್ಲ. ಆದರೆ ಇದೆ. ನಿಮಗೆ ತಿಳಿದಿರಲಿ."

ವಕೀಲರು ಆಮೇಲೆ ಬರುತ್ತೇನೆ ಎಂದು ಹೋದರು. ಆಮೇಲೆ ಎಂದರೆ ಏನೆಂದು ಅಂಗಡಿಯವರಿಗೆಲ್ಲ ಗೊತ್ತು.

"ಮಾಮಾ, ಕೈ ಮುಗೀತೀನಿ, ಗಿರಾಕಿ ಮುಂದ ನೀವ್ ಬಾಯಿ ತಗೀಬ್ಯಾಡ್ರಿ," ಎಂದೆ.

"ಲೇ ಹುಚ್ಚಾ, ದೋಷ ಹೇಳದs ಕೊಟ್ಟರ, ನಾಳೆ ಆತ ಮನ್ಯಾಗ ಸೋತಾಗ ಏನ್ ಮಾಡಬೇಕು? ತಾನs ಸೋತೆ ಅಂತ ತಿಳಕೊಂಡು ಕುಂದರ್ತಾನ, ಪಾಪ. ಒಂದರೆ ದೋಷ ಗೊತ್ತಿದ್ದರ ತಪ್ಪು ಹಲಗಿ ಮ್ಯಾಲೆ ಹಾಕಿ ಆರಾಮ ಊಟಾ ಮಾಡ್ತಾನ."

ಇಂಥವರ ಜೊತೆ ವಾದ ಮಾಡುವುದೆಂತು?

ಹಲಗೆ ಪಾಸಾಯಿತೋ ನಪಾಸಾಯಿತೋ ಎಂದು ತಿಳಿಯಲು ಅವರದೊಂದು ಪರೀಕ್ಷೆಯಿತ್ತು. ದೌಂಡಿನಿಂದ ಪುಣೆಗೆ ಬರುವ ಬೆಳಗಿನ ಗಾಡಿಯಲ್ಲಿ ಹಲಗೆಯನ್ನು ತೊಡೆಯ ಮೇಲಿಟ್ಟು, ಕಾಯಿ ಹಚ್ಚಿ ಕೂರುವುದು. ಗಾಡಿ ಹಳಿ ಬದಲಿಸಿ ಕುಲುಕಿದಾಗ ಯಾವ ಕಾಯಿಯೂ ತನ್ನ ಮನೆ ಬಿಡಬಾರದು. ಕೆಲಸಕ್ಕೆ ಹೋಗುವ ಜನ ಸುತ್ತ ಮುಕುರುವರು, ಒಬ್ಬರಲ್ಲ ಒಬ್ಬರು ಎದುರು ಕೂತು ಆಡುವರು. ಒಮ್ಮೆ ಕಾಲೇಜು ಹುಡುಗಿಯೊಬ್ಬಳು ಆಡಲು ಕೂತು, ತನ್ನ ಕುದುರೆಗಳನ್ನು ಪಕ್ಕಕ್ಕೆ ಮುಖ ಮಾಡಿ ನಿಲ್ಲಿಸಿದಳಂತೆ. ಮಾಮಾನಿಗೆ ಸಹಿಸದ ಸಂಗತಿ ಅದೊಂದೇ. ಕುದುರೆ ಯಾವಾಗಲೂ ಎದುರಾಳಿಯನ್ನೇ ನೋಡಬೇಕು.

"ಯುದ್ಧಕ್ಕೆ ಬಂದದ್ದೋ, ಹೊಲ ನೋಡಲಿಕ್ಕೆ ಬಂದದ್ದೋ ನಿನ್ನ ಕುದುರೆ?" ಎಂದು ಕೇಳಿದರು.

"ಕಾಕಾ, ಅದಕ್ಕೆ ಕಿಟಕಿ ಪಕ್ಕದ ಸೀಟು ಬೇಕಂತೆ," ಎಂದಳಂತೆ ಆಕೆ.

ಡಬ್ಬಿಯೆಲ್ಲ ನಕ್ಕಿತು. ಮಾಮಾ ಮಾತ್ರ ಗಂಭೀರವಾಗಿ ಎರಡೂ ಕುದುರೆಗಳನ್ನು ತಿರುಗಿಸಿಟ್ಟ ಮೇಲೆಯೇ ಆಟ ಶುರು ಮಾಡಿದರು.

ಹೋದ ಚಳಿಗಾಲದಲ್ಲಿ ಈ ಪರೀಕ್ಷೆಗೆ ಹೊಸದೊಂದು ಕಲೆ ಸೇರಿತು. ಮಾಮಾ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಹಲಗೆಯ ಮೇಲೆ ಬೆರಳಾಡಿಸುತ್ತಾ ಕೂರತೊಡಗಿದರು. ಜಾದೂಗಾರನೆಂದು ತಿಳಿದು ಮುದುಕಿಯೊಬ್ಬಳು ಕಳೆದುಹೋದ ತನ್ನ ಎಮ್ಮೆ ಎಲ್ಲಿದೆ ಎಂದು ಕೇಳಿದಳಂತೆ. ಟಿಕೆಟ್ ತಪಾಸಣೆಯವನು ಬಂದು ಕೈ ಚಾಚಿದಾಗ ಮಾಮಾ ತಡಕಾಡಿ ಅವನ ಅಂಗೈಯಲ್ಲಿ ಒಂದು ಕಾಲಾಳು ಇಟ್ಟರು. ರೈಲ್ವೆಯ ಹಳೆಯ ಮನುಷ್ಯನೆಂದು ಬಚಾವಾದರು. ಇದೇನು ಸೋಗು ಎಂದು ನಾನು ಕೇಳಿದ್ದಕ್ಕೆ, "ಕಣ್ಣಿಗೆ ಆರಾಮ ಲೇ," ಎಂದರು. ವಯಸ್ಸಾಯಿತು, ನಟ್ಟು ಸಡಿಲಾಗಿದೆ ಎಂದು ನಾನು ನಕ್ಕೆ. ನನ್ನ ಹೆಂಡತಿಗೆ ಹೇಳಿ ಅವಳನ್ನೂ ನಗಿಸಿದೆ.

ನನಗೆ ಆಗ ಗೊತ್ತಿರಲಿಲ್ಲ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಮಾರುವ ಮಾಲಲ್ಲ ಇದು. ಮಾಮಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಅದು ಕಣ್ಣಿಗಿಳಿದಿತ್ತು. ತಿಂಗಳಿಗೊಮ್ಮೆ ಪುಣೆಗೆ ಬಂದು ಕಣ್ಣಿಗೆ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆಂದು ನನಗೂ ಗೊತ್ತಿತ್ತು. ಯಾರಿಗಿಲ್ಲ ಇಂಥದ್ದು ಎಂದುಕೊಂಡಿದ್ದೆ. ಆದರೆ ಡಾಕ್ಟರು ಮಾಮಾನನ್ನು ಹೊರಗೆ ಕರೆದು ಹೇಳಿದ್ದು ನನಗೆ ಗೊತ್ತಿರಲಿಲ್ಲ. ದೃಷ್ಟಿ ನಿಲ್ಲುವುದಿಲ್ಲ, ಇನ್ನು ಕೆಲವು ತಿಂಗಳು. ಮಾಮಾ ಅದನ್ನು ಮಾಮಿಗೆ ಹೇಳಲಿಲ್ಲ. ಮಾಮಿಯೂ, ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂದು ಮಾಮಾನಿಗೆ ಹೇಳಲಿಲ್ಲ. ಆ ಮನೆಯಲ್ಲಿ ಕಣ್ಣು ಎಂಬ ಶಬ್ದವೇ ನಿಂತುಹೋಗಿತ್ತು.

ಬದಲಿಗೆ ಮಾಮಾ ಒಂದು ಹಲಗೆ ಮಾಡಿದರು. ಹಳೆಯ ರೈಲು ಡಬ್ಬಿಯ ಕಟ್ಟಿಗೆಯ ಜೊತೆ, ಇಪ್ಪತ್ತು ವರ್ಷ ಅಟ್ಟದಲ್ಲಿ ಒಣಗಿಸಿಟ್ಟಿದ್ದ ಬೀಟೆಯ ಕೊನೆಯ ತುಂಡು. ನೋಡಿದರೆ ಎಲ್ಲ ಹಲಗೆಗಳಂತೆಯೇ. ಆದರೆ ಅದರ ಕರಿ ಮನೆಗಳು ಬಿಳಿ ಮನೆಗಳಿಗಿಂತ ಒಂದು ಪೋಸ್ಟ್‌ಕಾರ್ಡಿನ ದಪ್ಪದಷ್ಟು ಎತ್ತರ. ಅಂಚುಗಳನ್ನು ಎಷ್ಟು ನಯವಾಗಿ ಮುರಿದಿದ್ದರೆಂದರೆ ಕಣ್ಣಿಗೆ ಕಾಣದು, ಬೆರಳಿಗೆ ಮಾತ್ರ ತಿಳಿಯಬೇಕು. ಮಾಮಿ ಕೂರುವ ಬದಿಯ ಬಲ ಮೂಲೆಯಲ್ಲಿ, ಚೌಕಟ್ಟಿನ ಮೇಲೆ ಅಕ್ಕಿ ಕಾಳಿನಷ್ಟು ಒಂದು ಕಚ್ಚು, ಹಲಗೆ ಯಾವ ಕಡೆ ತಿರುಗಿದೆ ಎಂದು ತಿಳಿಯಲು. ಕಾಯಿಗಳ ಬುಡದಲ್ಲಿ ಸೀಸ, ತಡಕುವ ಕೈ ತಾಗಿದರೂ ಉರುಳದಂತೆ. ಕರಿ ಕಾಯಿಗಳ ನೆತ್ತಿಯ ಮೇಲೆ ಒಂದೊಂದು ಚುಕ್ಕೆ.

ಇದಕ್ಕೊಂದು ಗಡುವಿತ್ತು. ಕಣ್ಣು ಪೂರ್ತಿ ಹೋದ ಮೇಲೆ ಬೆರಳಿಗೆ ಕಲಿಸುವುದು ಕಷ್ಟ. ಸ್ವಲ್ಪ ಕಾಣುತ್ತಿರುವಾಗಲೇ ಈ ಹಲಗೆಯ ಮೇಲೆ ದಿನಾ ಆಡಿದರೆ, ಕಣ್ಣು ತನ್ನ ಕೆಲಸವನ್ನು ಬೆರಳಿಗೆ ಒಪ್ಪಿಸಿ ಹೋಗುತ್ತದೆ. ಯಾವ ದಿನ ಒಪ್ಪಿಸಿತೆಂದು ಮಾಮಿಗೆ ತಿಳಿಯುವುದೂ ಬೇಡ. ಟವೆಲ್ ಕಟ್ಟಿಕೊಂಡು ರೈಲಿನಲ್ಲಿ ಮಾಡುತ್ತಿದ್ದದ್ದು ಇದರ ಪರೀಕ್ಷೆ.

ಯುಗಾದಿಯ ಮರುವಾರ ಇಬ್ಬರೂ ಇಂಜೆಕ್ಷನ್ನಿಗೆ ಬಂದರು. ಮಾಮಾ ಬೆಳಿಗ್ಗೆ ಗಾಡಿಯಲ್ಲಿ, ಮಾಮಿಗೆ ನಿದ್ದೆ ಹತ್ತಿದಾಗ, ಕೊನೆಯ ಪರೀಕ್ಷೆ ಮಾಡಿ, ಹಲಗೆಯನ್ನು ಕಂಬಳಿಯಲ್ಲಿ ಸುತ್ತಿ ನನ್ನ ಅಂಗಡಿಯಲ್ಲಿಟ್ಟರು. "ಸಂಜಿಗೆ ಒಯ್ತೀನಿ," ಎಂದಷ್ಟೇ ಹೇಳಿದರು. ಸಂಜೆಗೆ ಮಾಮಿಗೆ ತಲೆ ಸುತ್ತು ಬಂದು ಆಸ್ಪತ್ರೆಯಿಂದಲೇ ನೇರ ಸ್ಟೇಷನ್ನಿಗೆ ಹೋದರು. ಹಲಗೆ ನನ್ನಲ್ಲೇ ಉಳಿಯಿತು.

ನಾನು ಕಂಬಳಿ ಬಿಚ್ಚಿದೆ. ವ್ಯಾಪಾರಿಯ ಕೈ, ಸುಮ್ಮನಿರುತ್ತದೆಯೇ? ಅಂಗೈ ಆಡಿಸಿದೆ. ಏರುಪೇರು! ಮೂಲೆಯಲ್ಲಿ ಉಳಿ ಜಾರಿದ ಕಚ್ಚು. ಮಾಮಾನ ಕೈ ಹೋಯಿತು ಎಂದುಕೊಂಡೆ. ಕೂದಲಷ್ಟು ಸಣ್ಣ ಮನೆಯನ್ನು ಹಿಡಿಯುತ್ತಿದ್ದ ಮನುಷ್ಯನಿಗೆ ಇಷ್ಟು ದೊಡ್ಡ ತಪ್ಪು ತಿಳಿಯದೇ ಹೋಯಿತೇ? ನಿಜ ಹೇಳುತ್ತೇನೆ, ಪ್ರೀತಿಯಿಂದಲೇ ಮಾಡಿದೆ. ಅವರಿಗೆ ಗೊತ್ತಾಗುವ ಮೊದಲು ಸರಿಮಾಡಿಸಿ ಕೊಟ್ಟುಬಿಡೋಣ, ಮುದುಕನ ಮಾನ ಉಳಿಯಲಿ ಎಂದು.

ನಮ್ಮ ಪಾಲಿಶ್‌ವಾಲಾ ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. "ಸೇಠ್, ಇದು ತಪ್ಪಿ ಆದದ್ದಲ್ಲ. ಕರಿ ಮನೆಗಳೆಲ್ಲ ಒಂದೇ ಅಳತೆಯಲ್ಲಿ ಎದ್ದಿವೆ. ಬೇಕೆಂದೇ ಮಾಡಿದ್ದಾರೆ," ಎಂದ.

"ನೀನು ಪಾಲಿಶ್ ಮಾಡು, ವಕೀಲಿ ಬೇಡ," ಎಂದೆ ನಾನು.

ಮೂವತ್ತು ವರ್ಷದ ಅನುಭವದ ಪ್ರಕಾರ, ಕೆಲಸಗಾರ ಹೀಗೆ ರಾಗ ತೆಗೆದನೆಂದರೆ ಕೂಲಿ ಏರಿಸಲಿಕ್ಕೇ. ಹಾಗಾಗಿ ಜಗ್ಗಾಡಿದೆ. ಮಷೀನಿನಿಂದ ಉಜ್ಜಿ ಸಮ ಮಾಡುವುದು, ಕಚ್ಚು ತುಂಬುವುದು, ಮೇಲೆ ಮೂರು ಕೈ ಹೊಳೆಯುವ ಪಾಲಿಶ್, ಎಲ್ಲ ಸೇರಿ ಅವನು ಹೇಳಿದ್ದಕ್ಕಿಂತ ಅರ್ಧಕ್ಕೆ ಒಪ್ಪಿಸಿದೆ. ಆ ಚೌಕಾಶಿಯಲ್ಲಿ ಗೆದ್ದವನು ನಾನೇ.

ಭಾನುವಾರ ಹಲಗೆಯನ್ನು ಬಣ್ಣದ ಕಾಗದದಲ್ಲಿ ಸುತ್ತಿ ದೌಂಡಿಗೆ ಒಯ್ದೆ. ಬಿಚ್ಚಿ ಮಾಮಾನ ಮುಂದಿಟ್ಟೆ. ಕಿಟಕಿಯ ಬೆಳಕೆಲ್ಲ ಅದರೊಳಗೆ ಬಿತ್ತು. ಮಾಮಾ ನೋಡಿದರು. ತೋರುಬೆರಳನ್ನು ಒಂದು ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದರು. ಮತ್ತೊಂದು ಸಾಲು. ಆಮೇಲೆ ಬಲ ಮೂಲೆಯಲ್ಲಿ ಕಚ್ಚು ಇದ್ದ ಜಾಗದಲ್ಲಿ ಬೆರಳಿಟ್ಟರು.

"ಏನ್ ಛಂದ ಹೊಳೀತದ ನೋಡ್ರಿ," ಎಂದರು ಮಾಮಿ. "ತಮ್ಮಾ, ಒಳಗ ಬಾ, ಚಹಾ ಸೋಸ್ತೀನಿ."

ಅಡುಗೆಮನೆಯಲ್ಲಿ ಮಾಮಿ ಕಪ್ಪಿನ ಅಂಚಿನೊಳಗೆ ಬೆರಳಿನ ತುದಿ ಇಳಿಬಿಟ್ಟು ಚಹಾ ಸುರಿದರು. ಬಿಸಿ ಬೆರಳಿಗೆ ತಾಗಿದ ಕೂಡಲೇ ನಿಲ್ಲಿಸಿದರು. ಅದನ್ನು ನೋಡಿದಾಗ ನನಗೆ ಏನೋ ಹೊಳೆಯತೊಡಗಿತು.

"ಅವರು ಕರೀ ಮನಿ ಎತ್ತರ ಮಾಡಿದ್ರು," ಎಂದರು ಮಾಮಿ ತಗ್ಗಿದ ದನಿಯಲ್ಲಿ. "ನನಗ ಗೊತ್ತಿಲ್ಲಂತ ತಿಳಕೊಂಡಾರ. ದಿನಾ ಅವರು ಬಜಾರಕ್ಕ ಹೋದಾಗ ನಾ ಬೆರಳ ಆಡಿಸಿ ನೋಡ್ತಿದ್ದೆ. ಅರ್ಧ ಕಲತಿದ್ದೆ."

ನಾನು ಕಪ್ಪನ್ನು ಕಟ್ಟೆಯ ಮೇಲಿಟ್ಟೆ.

"ಮಾಮಿ, ನಾ..."

"ನಿನಗ ಹೆಂಗ ಗೊತ್ತಾಗಬೇಕು? ಕಣ್ಣಿದ್ದವರಿಗೆ ಕಾಣಬಾರದು ಅಂತs ಮಾಡಿದ್ದು ಅದು," ಎಂದರು. "ಚಹಾ ಆರತದ, ಕುಡಿ."

ಮಾಮಾ ನನ್ನನ್ನು ಸ್ಟೇಷನ್ನಿನವರೆಗೆ ಕಳಿಸಲು ಬಂದರು. ದಾರಿಯಲ್ಲಿ ಒಂದು ಬೈಗುಳ ಬಯ್ದಿದ್ದರೆ ಎಷ್ಟು ಹಗುರಾಗುತ್ತಿದ್ದೆನೋ. "ಪಾಲಿಶ್ ಭೇಷ್ ಹೊಡದಾನ," ಎಂದಷ್ಟೇ ಹೇಳಿದರು.

ನಾನು ಸುಮ್ಮನೆ ಕೂರುವ ಜಾತಿಯಲ್ಲ. ಕಣ್ಣಿಲ್ಲದವರಿಗೆಂದೇ ಮಾಡಿದ ಹಲಗೆಗಳು ಸಿಗುತ್ತವೆ. ಪ್ರತಿ ಮನೆಯಲ್ಲೂ ಒಂದು ತೂತು, ಕಾಯಿಗೆ ಕೆಳಗೊಂದು ಕಡ್ಡಿ. ಎರಡೇ ದಿನದಲ್ಲಿ ತರಿಸಿದೆ, ದರವನ್ನೂ ಇಳಿಸಿದೆ. ಮಾಮಾ ಮುಟ್ಟಲಿಲ್ಲ.

"ಇದನ್ನ ಆಕಿ ಮುಂದ ಇಟ್ಟರ, ನನಗ ಗೊತ್ತದ ಅಂತ ಆಕಿಗೆ ಗೊತ್ತಾಗ್ತದ," ಎಂದರು.

"ಮಾಮಿಗೆ ಮೊದಲs ಗೊತ್ತದರಿ," ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎಂಥ ಎಂಥ ಮಾತು ಆಡಿ ಮಾಲು ಮಾರಿದ ನಾಲಿಗೆ, ಅಂದು ಅದೊಂದನ್ನು ಹೊರಗೆ ಬಿಡಲಿಲ್ಲ.

ಎರಡನೆಯ ಹಲಗೆ ಶುರುವಾಯಿತು. ಅಟ್ಟದ ಒಣ ಕಟ್ಟಿಗೆಯೆಲ್ಲ ಮುಗಿದಿತ್ತು. ನಾನು ಎರಡು ತಿಂಗಳು ಅಲೆದು ಟಿಂಬರ್ ಮಾರ್ಕೆಟ್ಟಿನಿಂದ ಕರಿ ಮನೆಗೂ ಬಿಳಿ ಮನೆಗೂ ಹೊಸ ತುಂಡು ತಂದುಕೊಟ್ಟೆ. ಚೆನ್ನಾಗಿ ಒಣಗಿದ್ದು ಎಂದು ಅಂಗಡಿಯವನು ಆಣೆ ಮಾಡಿದ್ದ. ಮಾಮಾ ಬಿಳಿಯದನ್ನು ಕೆನ್ನೆಗೆ ಹಿಡಿದು ನೋಡಿ, "ಇನ್ನೂ ಒಂದ್ ಬ್ಯಾಸಿಗಿ ಕುಂದರಬೇಕು ಇದು," ಎಂದರು. ಆದರೆ ಕೂರಿಸಲು ಬೇಸಗೆ ಉಳಿದಿರಲಿಲ್ಲ. ಅವರು ರಂಧಾ ಹೊಡೆದು ಕಟ್ಟಿಗೆ ನಯ ಮಾಡತೊಡಗಿದ ವಾರವೇ ಮಳೆ ಹಿಡಿಯಿತು.

ಹಲಗೆ ಇನ್ನೂ ಅರ್ಧದಲ್ಲಿರುವಾಗ ಒಂದು ಮಧ್ಯಾಹ್ನ ಮಾಮಿ ಕಾಳು ಆರಿಸುತ್ತಾ ಕೂತವರು ತಲೆಯೆತ್ತಿ, "ಲೈಟ್ ಹೋದುವೇನ್ರಿ?" ಎಂದು ಕೇಳಿದರಂತೆ.

"ಹೂಂ, ಹೋಗ್ಯಾವ," ಎಂದರಂತೆ ಮಾಮಾ.

ಸ್ವಲ್ಪ ಹೊತ್ತಿಗೆ ಮಾಮಿ ಅಂದರಂತೆ, "ಫ್ಯಾನ್ ತಿರುಗಾಕತ್ತದಲ್ರೀ."

ಇದನ್ನು ನನಗೆ ಹೇಳಿದವರು ಮಾಮಿಯೇ, ನಗುನಗುತ್ತಾ. ಮಾಮಾ ಆಮೇಲೆ ಎದ್ದು ಫ್ಯಾನ್ ಆರಿಸಿದರಂತೆ. ಅಂದಿನಿಂದ ಆ ಮನೆಯಲ್ಲಿ ಮುಚ್ಚುಮರೆ ಮುಗಿಯಿತು. ಆದರೂ ತೂತಿನ ಹಲಗೆ ಹೊರಬರಲಿಲ್ಲ. "ಹೊಂಟದ್ದನ್ನ ಮಾಡಿ ಮುಗಸ್ರಿ, ನನಗ ನಿಮ್ಮದs ಬೇಕು," ಎಂದರಂತೆ ಮಾಮಿ.

ಹೊಳೆಯುವ ಆ ಮೊದಲನೆಯ ಹಲಗೆ ಈಗ ನನ್ನ ಅಂಗಡಿಯಲ್ಲಿದೆ. ಮಾಮಾ ಅದನ್ನು ಹಂಡೆಯ ಮುಚ್ಚಳ ಮಾಡಲಿಲ್ಲ, ನನಗೇ ವಾಪಸು ಕೊಟ್ಟರು. ಗಿರಾಕಿಗಳ ಕಣ್ಣು ಮೊದಲು ಅದರ ಮೇಲೆಯೇ ಬೀಳುತ್ತದೆ. ಮೊನ್ನೆ ಒಬ್ಬರು ಕೇಳಿದ ಬೆಲೆ ಕೊಡಲು ತಯಾರಿದ್ದರು.

"ಅದರಲ್ಲಿ ಒಂದು ದೋಷ ಇದೆ," ಎಂದೆ.

ಅವರು ಅಂಗೈ ಆಡಿಸಿ ನೋಡಿ, "ಎಲ್ಲಿ? ಇಷ್ಟು ಸಪಾಟಾಗಿದೆಯಲ್ಲ," ಎಂದರು.

"ಅದೇ," ಎಂದು ನಾನು ಬೇರೆ ಹಲಗೆ ತೋರಿಸಿದೆ.

ಶ್ರಾವಣ ಮುಗಿಯುವ ಹೊತ್ತಿಗೆ ಎರಡನೆಯ ಹಲಗೆ ಮುಗಿಯಿತೆಂದು ಮಾಮಾ ಫೋನು ಮಾಡಿದರು. ಹೋದೆ. ಹೊರಗೆ ಜಿಟಿಜಿಟಿ ಮಳೆ, ಗೋಡೆಗಳೆಲ್ಲ ಬೆವರಿದ್ದವು. ಸಂಜೆಯ ಆಟ ಆಗಲೇ ಶುರುವಾಗಿತ್ತು. ಮಾಮಿಯ ಎಡಗೈ ಹಲಗೆಯ ಮೇಲೆ ತೆವಳುತ್ತಿತ್ತು, ಕಾಯಿಗಳ ತಲೆ ಸವರುತ್ತಾ, ಅಂಚುಗಳನ್ನು ಎಣಿಸುತ್ತಾ. ತುಟಿಗಳು ಸಣ್ಣಗೆ ಅಲುಗುತ್ತಿದ್ದವು. ಮೊದಲು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆಡುತ್ತಿದ್ದ ಹೆಂಗಸು, ಒಂದು ನಡೆಗೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು. ಮಾಮಾ ಗಡಿಬಿಡಿಯಿಲ್ಲದೆ ಕಾಯುತ್ತಿದ್ದರು. ಪ್ರತಿ ನಡೆಯನ್ನೂ ಬಾಯಿಬಿಟ್ಟು ಹೇಳಿ ಆಡುತ್ತಿದ್ದರು.

ಅರ್ಧ ಆಟದಲ್ಲಿ ಮಾಮಿ ತಮ್ಮ ಮಂತ್ರಿಯನ್ನು ಎತ್ತಿ ಓರೆಯಾಗಿ ಒಯ್ದರು. ಬೆರಳು ಒಂದು ಅಂಚನ್ನು ಹುಡುಕಿತು, ಸಿಗಲಿಲ್ಲ, ಮುಂದೆ ಜಾರಿತು. ಮಂತ್ರಿ ಒಂದು ಮನೆ ಆಚೆ ಕೂತಿತು, ನೇರ ಮಾಮಾನ ಕುದುರೆಯ ಬಾಯಿಗೆ.

ನಾನು ಮಾಮಾನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಹೊಡೆಯದೆ ಬಿಟ್ಟರೆ, ಬಿಟ್ಟರೆಂದು ಮಾಮಿಗೆ ಗೊತ್ತಾಗುತ್ತದೆ.

"ಆಡ್ರಿ. ಯಾಕ ಸುಮ್ಮ ಕುಂತ್ರಿ?"

"ಕುದುರಿ ಮಂತ್ರೀನ ಹೊಡೀತು," ಎಂದರು ಮಾಮಾ. ದನಿ ಕೇಳಿಸುವಷ್ಟೇ ಇತ್ತು.

ಮಾಮಿಯ ಕೈ ಅಲ್ಲಿಗೆ ಹೋಗಿ ಖಾಲಿ ಜಾಗವನ್ನು ಸವರಿ ಹಿಂದೆ ಬಂತು. ಆಮೇಲೆ ಹತ್ತು ಹನ್ನೆರಡು ನಡೆ. ಮಾಮಿಯ ರಾಜ ಮೂಲೆ ಸೇರಿದ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಮಾಮಾ ಗೆದ್ದಿದ್ದರು. ಗೆದ್ದವರ ಮುಖ ಹಾಗಿರುವುದನ್ನು ನಾನು ಎಲ್ಲೂ ಕಂಡಿಲ್ಲ.

"ಹಲಗಿ ಸರಿ ಇಲ್ಲ," ಎಂದರು.

"ಹಲಗಿ ಭೇಷ್ ಅದ," ಎಂದರು ಮಾಮಿ. "ಸೋತಾಕಿ ನಾನು."

"ಇಲ್ಲ. ಹಲಗಿ ಸರಿ ಇಲ್ಲ."

ನಾನು ಬೆರಳಿಟ್ಟು ನೋಡಿದೆ. ಮಾಮಿಯ ಬೆರಳು ಜಾರಿದ ಆ ಜಾಗದಲ್ಲಿ ಬಿಳಿ ಮನೆ ಮಳೆಗೆ ಉಬ್ಬಿ, ಪಕ್ಕದ ಕರಿ ಮನೆಯ ಮಟ್ಟಕ್ಕೆ ಎದ್ದು ನಿಂತಿತ್ತು. ಒಂದು ಬೇಸಗೆ ಕೂರಬೇಕಿದ್ದ ಕಟ್ಟಿಗೆ. ಇಷ್ಟು ವರ್ಷ ಮಾಮಾ ಹೇಳುತ್ತ ಬಂದ ಮಾತು ಅಂದು ನಿಜವಾಗಿತ್ತು.

"ಮಾಮಿ, ಖರೇನs ಹಲಗಿ ಸರಿ ಇಲ್ಲ," ಎಂದೆ. "ತಪ್ಪು ನಂದು."

"ಇಬ್ಬರೂ ಕೂಡಿ ಈಗ ತಪ್ಪು ಹಲಗಿ ಮ್ಯಾಲೆ ಹಾಕ್ರಿ," ಎಂದು ಮಾಮಿ ನಕ್ಕರು.

ಮಾಮಾನ ಕೈ ಅಭ್ಯಾಸ ಬಲದಿಂದ ಕಾಯಿಗಳ ಕಡೆ ಹೋಯಿತು. ಮಾಮಿ ಸದ್ದಿನಿಂದಲೇ ತಿಳಿದು ಆ ಕೈಯನ್ನು ಮೆಲ್ಲನೆ ಸರಿಸಿದರು. "ಸೋತವರು ಹಚ್ಚಬೇಕು. ಕಾನೂನ ನಿಮ್ಮದs ಅಲ್ಲೇನ್ರಿ?"

ಹಚ್ಚತೊಡಗಿದರು. ಮೂಲೆಯ ಕಚ್ಚು ಹುಡುಕಿ ಮೊದಲು ಆನೆ. ನೆತ್ತಿಯ ಚುಕ್ಕೆ ತಡವಿ ಕರಿದು ಅತ್ತ, ಬಿಳಿದು ಇತ್ತ. ಒಂಟೆ, ಮಂತ್ರಿ, ರಾಜ, ಸಾಲಾಗಿ ಕಾಲಾಳುಗಳು. ಮಳೆ ಜೋರಾಗಿ ಮತ್ತೆ ಸಣ್ಣದಾಗುವವರೆಗೂ ಹಚ್ಚುತ್ತಲೇ ಇದ್ದರು. ಮೂವತ್ತೆರಡೂ ತಮ್ಮ ತಮ್ಮ ಮನೆಗಳಲ್ಲಿ ನಿಂತವು. "ಬರೋಬ್ಬರಿ ಅದಾವೇನ್ರಿ?" ಎಂದು ಕೇಳಿದರು.

ಮಾಮಿಯ ಕಡೆಯ ಎರಡೂ ಕುದುರೆಗಳು ಯುದ್ಧಕ್ಕೆ ಬೆನ್ನು ಮಾಡಿ, ಮಾಮಿಯನ್ನೇ ನೋಡುತ್ತಾ ನಿಂತಿದ್ದವು.

ಮಾಮಾ ಅವುಗಳನ್ನು ನೋಡಿದರು. ಕೈ ಚಾಚಿದರು, ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ತಮ್ಮ ಕಡೆಯ ಕುದುರೆಗಳೆರಡನ್ನೂ ಸದ್ದಾಗದಂತೆ ಎತ್ತಿ, ಹಿಂದಕ್ಕೆ ಮುಖ ಮಾಡಿ ಇಟ್ಟರು.

"ಬರೋಬ್ಬರಿ ಅದಾವ," ಎಂದರು.